ಭೂಮಿಯ ಬೆಳಗಿನ ಮಾತ್ರೆ

ಮೊನ್ನೆ ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯ ಗಣಿತದ ಮೇಷ್ಟ್ರು ಸ್ಟ್ರಿಪ್‌ನಿಂದ ತಲೆನೋವಿನ ಮಾತ್ರೆಯೊಂದನ್ನು ಒತ್ತಿ ತೆಗೆದರು. ಚಟ್ ಎಂದು ಸಣ್ಣ ಸದ್ದು. ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ನನ್ನ ಕಡೆ ತಿರುಗಿ ಏನೋ ಕೇಳಿದರು. ಎಂಟನೇ ತರಗತಿಯ ಅಂಕಪಟ್ಟಿಯ ವಿಷಯ ಇರಬೇಕು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ, ಮಾತ್ರೆ ನಿಜವಾಗಿ ಒಳಗೆ ಇಳಿಯಿತೋ ಇಲ್ಲವೋ ಎಂದು. ನಿವೃತ್ತಿಗೆ ಹತ್ತಿರವಾದ ಮನುಷ್ಯ ತನ್ನದೇ ತಲೆನೋವಿನ ಮಾತ್ರೆಯನ್ನು ದವಡೆಯಲ್ಲಿ ಅವಿತಿಟ್ಟುಕೊಂಡು ಆಮೇಲೆ ಉಗುಳುತ್ತಾರೆಯೇ? ನಗುವವರು ನಗಬಹುದು. ಆದರೆ ನನ್ನ ಈ ಚಾಳಿ ಎಲ್ಲಿಂದ ಬಂತೆಂದು ಕೇಳಿದ ಮೇಲೆ ನಗಿ.

ಅನುಮಾನ ನಮ್ಮ ಮನೆಯಲ್ಲಿ ಕಸುಬಿನ ಭಾಗ. ನಮ್ಮೂರು ಅಂಬಾಜಿದುರ್ಗ ಬೆಟ್ಟದ ಬುಡದಲ್ಲಿದೆ. ಚಿಂತಾಮಣಿಯ ನನ್ನ ಶಾಲೆಗೆ ಸ್ಕೂಟರಿನಲ್ಲಿ ಅರ್ಧ ಗಂಟೆ. ಅಪ್ಪ ರೇಷ್ಮೆ ಹುಳು ಸಾಕುತ್ತಾರೆ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತದೆ. ಹುಳದ ಮನೆಯ ಬಾಗಿಲಲ್ಲಿ ಅಪ್ಪ ನಿಂತರೆಂದರೆ ಯಾವ ಚೆಕ್‌ಪೋಸ್ಟೂ ಅವರಿಗೆ ಸಮವಲ್ಲ. ಚಪ್ಪಲಿ ಬಿಡಬೇಕು, ಕೈಕಾಲು ತೊಳೆಯಬೇಕು, ಹೊಸ್ತಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದೇ ಒಳಗೆ ಬರಬೇಕು. ಬೀಡಿ ಸೇದಿದವರು, ಸೊಳ್ಳೆಬತ್ತಿ ಹಚ್ಚಿದ ಕೋಣೆಯಿಂದ ಎದ್ದು ಬಂದವರು ಹೊರಗೇ. ಪಿಯುಸಿಯಲ್ಲಿದ್ದಾಗ ನಾನೊಮ್ಮೆ ಸೆಂಟು ಹಾಕಿಕೊಂಡು ಒಳಗೆ ಕಾಲಿಟ್ಟೆನೆಂದು ಆ ಬೆಳೆ ಮುಗಿಯುವವರೆಗೂ ನನ್ನನ್ನು ಹತ್ತಿರ ಸೇರಿಸಲಿಲ್ಲ. ಹುಳು ಬಾಯಿಬಿಟ್ಟು ಹೇಳುವುದಿಲ್ಲ, ಅದರ ಪರವಾಗಿ ನಾವೇ ಅನುಮಾನಪಡಬೇಕು ಎನ್ನುವುದು ಅವರ ವಾದ. ಅದರಲ್ಲೂ ಹುಳು ಪೊರೆ ಕಳಚಲು ಕೂತ ದಿನಗಳಲ್ಲಿ ಅಪ್ಪ ಮಾತನ್ನೂ ಕಡಿಮೆ ಮಾಡುತ್ತಿದ್ದರು. ತಲೆ ಎತ್ತಿಕೊಂಡು ಅಲುಗಾಡದೆ ಕೂತ ಹುಳಕ್ಕೆ ಒಂದು ಎಲೆ ಹಿಪ್ಪುನೇರಳೆ ಸೊಪ್ಪೂ ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಎಲ್ಲವೂ ತಾವಾಗಿ ಎದ್ದ ಮೇಲೆಯೇ ಮತ್ತೆ ಸೊಪ್ಪು. ಅವಸರಪಟ್ಟು ಮೇವು ಹಾಕಿದವರ ಬೆಳೆ ಕೆಟ್ಟಿದ್ದನ್ನು ಅವರು ಬೇಕಾದಷ್ಟು ನೋಡಿದ್ದಾರೆ.

ಇಂಥ ಮನೆಯಲ್ಲಿ ಬೆಳೆದು, ಮೇಲೆ ಬಿ.ಎಸ್ಸಿ. ಮಾಡಿ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಅನುಮಾನ ಎರಡು ಪಟ್ಟು ಇರಬೇಕಿತ್ತು. ಇತ್ತು ಕೂಡ. ಇರಬೇಕಾದ ಜಾಗದಲ್ಲಿ ಮಾತ್ರ ಇರಲಿಲ್ಲ.

ಭೂಮಿಕಾ ನನ್ನ ಅಣ್ಣನ ಮಗಳು. ನಮಗೆಲ್ಲ ಭೂಮಿ. ನಾಲ್ಕು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿಕೊಂಡು ಎದ್ದಳು. ಮೂತ್ರದಲ್ಲಿ ಪ್ರೊಟೀನ್ ಸೋರಿಹೋಗುವ ಕಿಡ್ನಿ ಕಾಯಿಲೆ ಅಂದರು. ಅದಕ್ಕೆ ಸ್ಟೀರಾಯ್ಡ್ ಮಾತ್ರೆ. ಕೊಟ್ಟರೆ ಊತ ಇಳಿಯುತ್ತಿತ್ತು, ಕಡಿಮೆ ಮಾಡಿದರೆ ಮತ್ತೆ ಏರುತ್ತಿತ್ತು. ಹೀಗೆ ವರ್ಷಗಳು ಕಳೆದವು. ಮಗುವಿನ ಮುಖ ದುಂಡಗಾಯಿತು, ಹಸಿವು ಹೆಚ್ಚಿತು, ಎತ್ತರ ಮಾತ್ರ ನಿಂತಲ್ಲೇ ನಿಂತಿತು. ಹತ್ತು ವರ್ಷಕ್ಕೆ ಬಂದಾಗ ಬೆನ್ನುನೋವು ಎನ್ನತೊಡಗಿದಳು.

ಹತ್ತು ವರ್ಷದ ಮಗುವಿಗೆ ಬೆನ್ನುನೋವು ಎಂದರೆ ಯಾರು ನಂಬುತ್ತಾರೆ? ನಾನು ಸಾಲಾಗಿ ಎಲ್ಲರನ್ನೂ ಅನುಮಾನಿಸಿದೆ. ಮೊದಲು ಹೋಂವರ್ಕ್ ಮಾಡದ ಅವಳನ್ನು. ಆಮೇಲೆ ಪುಸ್ತಕದ ಮೇಲೆ ಪುಸ್ತಕ ಹೊರಿಸುವ ಅವಳ ಶಾಲೆಯನ್ನು. ಸೊಪ್ಪಿನ ಹೊರೆ ಹೊರಿಸಿರಬೇಕೆಂದು ಅಪ್ಪನನ್ನು, ಹಾಲು ಕುಡಿಸುವುದರಲ್ಲಿ ಸಡಿಲ ಬಿಟ್ಟಿರಬೇಕೆಂದು ಅತ್ತಿಗೆಯನ್ನು. ಅತ್ತಿಗೆ ಆಗ ಎರಡನೇ ಸಲ ಬಸುರಿ. ಅದೂ ನನಗೆ ಒಂದು ಸುಳಿವಾಯಿತು.

"ನಾಟಕ ಆಡ್ಬೇಡ ಕಣೇ. ತಮ್ಮನೋ ತಂಗಿನೋ ಬರ್ತೈತೆ ಅಂತ ಈಗ್ಲಿಂದ್ಲೇ ಶುರು ಹಚ್ಕೊಂಡ್ಯಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

ಅವಳು ಗೋಡೆ ಹಿಡಿದುಕೊಂಡು, ಮುದುಕಿಯ ಹಾಗೆ ಎರಡು ಹಂತದಲ್ಲಿ ನೆಲಕ್ಕೆ ಕೂತಳು. ಆ ಕೂರುವಿಕೆ ನಾಟಕವಲ್ಲವೆಂದು ಅವತ್ತೇ ನನಗೆ ಹೊಳೆಯಬೇಕಿತ್ತು.

ಎಕ್ಸ್‌ರೇಯಲ್ಲಿ ಅವಳ ಬೆನ್ನುಮೂಳೆಯ ಎರಡು ತುಂಡುಗಳು ಬೆರಳಲ್ಲಿ ಅಮುಕಿದ ಇಡ್ಲಿಯ ಹಾಗೆ ಮುಂಭಾಗದಲ್ಲಿ ಕುಸಿದಿದ್ದವು. ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಮಾಮೂಲಿ ಓಡಾಟದಲ್ಲೇ ಮುರಿದಿದ್ದವು. ಬೆಂಗಳೂರಿನ ಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ನಾನು ವಕೀಲೆಯ ಹಾಗೆ ಪ್ರಶ್ನೆ ಕೇಳಿದೆ. ಅಜ್ಜಿಯರಿಗೆ ಬರುವ ಮೂಳೆ ಸವೆತ ಇವಳಿಗೆ ಹೇಗೆ ಬಂತು, ಮೊದಲೇ ಯಾಕೆ ಹೇಳಲಿಲ್ಲ, ಈ ಮಾತ್ರೆ ಬರೆದವರು ಯಾರು.

"ಕಿಡ್ನಿ ಉಳಿಸಿದ್ದೂ ಈ ಮಾತ್ರೆನೇ ಮೇಡಂ, ಮೂಳೆ ತೆಳ್ಳಗೆ ಮಾಡಿದ್ದೂ ಇದೇ. ಎರಡೂ ನಿಜ," ಎಂದರು ಆಕೆ.

ಆಮೇಲೆ ಸಾವಧಾನವಾಗಿ ಬಿಡಿಸಿ ಹೇಳಿದರು. ಸ್ಟೀರಾಯ್ಡನ್ನು ಮೆಲ್ಲಗೆ ಇಳಿಸಿ, ಕಿಡ್ನಿಗೆ ಬೇರೆ ಔಷಧಿ ಸೇರಿಸಬೇಕು. ದಿನಾ ಕ್ಯಾಲ್ಸಿಯಂ, ಹೇಳಿದ ಲೆಕ್ಕದಲ್ಲಿ ವಿಟಮಿನ್ ಡಿ, ಬಿಸಿಲು, ಬೆನ್ನಿಗೆ ಭಾರ ಬೀಳದ ಆಟ. ಮೂಳೆ ಸವೆಯುವುದನ್ನು ತಡೆಯುವ ಔಷಧಿಯನ್ನು ಕೆಲವು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲೇ ಡ್ರಿಪ್ ಹಾಕಿ ಕೊಡುತ್ತಾರೆ. ಮೊದಲ ಡ್ರಿಪ್ ಆದ ಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಕೊನೆಗೆ ಒಂದು ಮಾತನ್ನು ಪೆನ್ನು ಕೆಳಗಿಟ್ಟು ಹೇಳಿದರು: ಬೆಳಗಿನ ಸ್ಟೀರಾಯ್ಡ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು. ವರ್ಷಗಟ್ಟಲೆ ಹೊರಗಿಂದ ಸಿಕ್ಕಿದ್ದರಿಂದ ಅವಳ ಮೈ ತನ್ನದನ್ನು ತಾನು ತಯಾರಿಸುವುದನ್ನೇ ಮರೆತಿದೆ. ಜ್ವರದಲ್ಲಂತೂ ಅದು ಇನ್ನೂ ಹೆಚ್ಚು ಬೇಕು. ವಾಂತಿಯಾದರೆ, ಮಂಕಾದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಬರಬೇಕು.

ನಾನು ಅದನ್ನೆಲ್ಲ ನೀಟಾಗಿ ಇಂಗ್ಲಿಷಿನಲ್ಲಿ ಬರೆದುಕೊಂಡೆ. ಕೆಂಪು ಪೆನ್ನಿನಲ್ಲಿ ಅಡಿಗೆರೆ ಹಾಕಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂಬುದು ನನಗೆ ಹುಟ್ಟಿದಾಗಿನಿಂದ ಗೊತ್ತಿರುವ ವಿಷಯ.

ಕನ್ನಡದಲ್ಲಿ ನಾನು ಹೇಳಿದ್ದು ಬೇರೆಯೇ. ವಾರಗಟ್ಟಲೆ, ಊಟಕ್ಕೆ ಕೂತಾಗ, ಸೊಪ್ಪು ಕತ್ತರಿಸುವಾಗ, ಹಾಳು ಮಾತ್ರೆ ಮಗುವಿನ ಮೂಳೆ ತಿಂದುಹಾಕಿತು ಎಂದು ಅಪ್ಪನ ಮುಂದೆ ಗೊಣಗಿದ್ದೆ. ಅವರು ಪ್ರತಿಸಲವೂ ಹ್ಞೂಂ ಎಂದಿದ್ದರು. ಗೊಣಗಿ ನಾನು ಮರೆತೆ. ಅವರು ಮರೆಯಲಿಲ್ಲ.

ಡ್ರಿಪ್ ಹಾಕಿಸಿದ್ದು ಒಂದು ಸೋಮವಾರ. ಅತ್ತಿಗೆ ಆಗ ಬಾಣಂತನಕ್ಕೆಂದು ಗೌರಿಬಿದನೂರಿನ ತವರಿನಲ್ಲಿದ್ದರು. ಅಣ್ಣನಿಗೂ ಅಲ್ಲೇ ಕಾರ್ಖಾನೆಯಲ್ಲಿ ಕೆಲಸ. ಹಾಗಾಗಿ ಭೂಮಿ ನನ್ನ ಮತ್ತು ಅಪ್ಪನ ಪಾಲಿಗೆ. ಮಂಗಳವಾರ ಹೇಳಿದ ಹಾಗೆಯೇ ಜ್ವರ ಬಂತು. ನನಗೆ ಶಾಲೆಯಲ್ಲಿ ಪರೀಕ್ಷೆಯ ಡ್ಯೂಟಿ. ತಿಂಡಿಯಾದ ಮೇಲೆ ಬೆಳಗಿನ ಮಾತ್ರೆ ಕೊಡಲು ಅಪ್ಪನಿಗೆ ಹೇಳಿ ಹೊರಟೆ. ಸಂಜೆ ಬಂದು ಕೇಳಿದರೆ, ಎಲ್ಲ ನೋಡಿಕೊಂಡಿದ್ದೇನೆ ಎಂದರು. ಬುಧವಾರವೂ ಅದೇ ಮಾತು. ಮಗು ಗೋಡೆಗೆ ಮುಖ ಮಾಡಿ ಮಲಗಿತ್ತು. ಡಾಕ್ಟರು ಎರಡು ದಿನ ಅಂದಿದ್ದರಲ್ಲ ಎಂದು ನಾನು ಲೆಕ್ಕ ಹಾಕಿಕೊಂಡೆ.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಬಂದಾಗ ಬಾಗಿಲಲ್ಲೇ ವಾಂತಿಯ ವಾಸನೆ. ಭೂಮಿ ಮಂಚದ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದಳು. ಕೈ ತಣ್ಣಗೆ, ಹಣೆಯಲ್ಲಿ ಬೆವರು. ಹೆಸರು ಕರೆದರೆ ಕಣ್ಣು ಅರ್ಧ ತೆರೆಯಿತು, ನನ್ನನ್ನು ನೋಡಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಚಿಂತಾಮಣಿಯ ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ನಾನು ಆ ಡ್ರಿಪ್ಪನ್ನು ಶಪಿಸುತ್ತಿದ್ದೆ. ಏನು ಹಾಕಿದರೋ, ಯಾವ ಕಂಪನಿಯದೋ, ಬಾಟಲಿಯ ಮೇಲಿನ ತಾರೀಕನ್ನು ನಾನೇಕೆ ನೋಡಲಿಲ್ಲವೋ. ಅಪ್ಪ ಮುಂದಿನ ಸೀಟಿನಲ್ಲಿ ಭೂಮಿಯ ಚಪ್ಪಲಿ ಹಿಡಿದುಕೊಂಡು ಕೂತಿದ್ದರು. ಯಾಕೆ ತಂದರೋ, ಅವರಿಗೂ ಗೊತ್ತಿರಲಿಲ್ಲ.

ಅಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರು. ನನ್ನ ಕೈಯಲ್ಲಿದ್ದ ಫೈಲು ತಿರುವಿ, ನಾಡಿ ಹಿಡಿದುಕೊಂಡೇ ಕೇಳಿದರು: "ಸ್ಟೀರಾಯ್ಡ್ ಕೊನೇ ಸಲ ಯಾವಾಗ ಕೊಟ್ರಿ?"

"ಇವತ್ತು ಬೆಳಿಗ್ಗೆ," ಎಂದೆ.

ಈಗಲೂ ಕ್ಲಾಸಿನಲ್ಲಿ ಪಾಠದ ನಡುವೆ ಆ ಎರಡು ಪದ ನನ್ನ ಬಾಯಿಂದ ಹೊರಟಂತಾಗಿ ತಡವರಿಸುತ್ತೇನೆ. ಎಷ್ಟು ಸ್ಪಷ್ಟವಾಗಿ, ಎಷ್ಟು ವಿದ್ಯಾವಂತಳಾಗಿ ಹೇಳಿದೆ! ಹೇಳಿ ಅಲ್ಲಿಗೇ ಬಿಡಲಿಲ್ಲ. ಇದು ಮಾತ್ರೆಯದಲ್ಲ, ಡ್ರಿಪ್ಪಿನದೇ ಕಿತಾಪತಿ, ಬೆಂಗಳೂರಿಗೆ ಫೋನ್ ಮಾಡಿ ಅವರನ್ನೇ ಕೇಳಿ ಎಂದು ಜೋರು ಮಾಡಿದೆ. ಡಾಕ್ಟರು ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದರು. ಎಷ್ಟು ಹೊತ್ತು? ಅರ್ಧ ನಿಮಿಷವಿರಬಹುದು, ಒಂದು ನಿಮಿಷವಿರಬಹುದು. ಆ ಹೊತ್ತಿನಲ್ಲಿ ಮಂಚದ ಮೇಲಿನ ಮಗುವಿನ ಪ್ರಜ್ಞೆ ಜಾರುತ್ತಿತ್ತು.

"ಸೋಮವಾರದಿಂದ ಈಚೆಗೆ ಕೊಟ್ಟಿಲ್ಲ ಸ್ವಾಮಿ," ಎಂದರು ಅಪ್ಪ.

ನಾನು ತಿರುಗಿ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ.

"ಮಗು ಮಲಗಿಬಿಟ್ಟಿತ್ತು. ಪೊರೆ ಬಿಡಕ್ಕೆ ಕೂತಿರೋ ಹುಳಕ್ಕೆ ನಾವು ಸೊಪ್ಪು ಹಾಕಲ್ಲ. ಮೂಳೆಗೆ ಔಷಧಿ ಇಳ್ಸವ್ರೆ, ಅದರ ಮೇಲೇನೇ ಮೂಳೆ ತಿನ್ನೋ ಮಾತ್ರೆ ಹೆಂಗೆ ಕೊಡೋದು? ತಾನಾಗಿ ಎದ್ದು ಕೂತ್ಮೇಲೆ ಕೊಡಣ ಅಂತ ಇಟ್ಟಿದ್ದೆ."

ಜುಬ್ಬದ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಒಂದು ಮಾತ್ರೆಯನ್ನೂ ಎಸೆದಿರಲಿಲ್ಲ. ಮೂರು ದಿನದ್ದು, ಜೋಪಾನವಾಗಿ.

ಡಾಕ್ಟರು ಬೈಯಲಿಲ್ಲ. ಬೈಯಲು ಅವರಿಗೆ ಪುರಸೊತ್ತೂ ಇರಲಿಲ್ಲ. ನಿಂತಲ್ಲೇ ನರ್ಸಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹೇಳಿದರು, ಸಕ್ಕರೆ ಸೇರಿದ ಸಲೈನ್ ಹರಿಸಿದರು, ಆಮೇಲೆ ಬೆಂಗಳೂರಿಗೆ ತಾವೇ ಫೋನ್ ಮಾಡಿದರು. ಮೈಗೆ ಬೇಕಾದದ್ದು ಮೈಯಲ್ಲಿ ಇಲ್ಲದಾಗ ಹೀಗಾಗುತ್ತದೆ, ಡ್ರಿಪ್ ತಂದದ್ದು ಬರೀ ಜ್ವರ ಎಂದು ನನಗೆ ಎರಡು ಮಾತಿನಲ್ಲಿ ಹೇಳಿದರು. ಸಂಜೆ ಕಿಟಕಿಯಲ್ಲಿ ಇನ್ನೂ ಬಿಸಿಲಿದ್ದಾಗ ಭೂಮಿ ಕಣ್ಣು ಬಿಟ್ಟು ಅಪ್ಪನ ಕಡೆ ನೋಡಿದಳು.

"ತಾತ, ನನ್ ಚಪ್ಪಲಿ ಯಾಕೆ ಎದೆಗವುಚ್ಕೊಂಡಿದ್ದೀಯ?"

ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಎರಡನೆಯ ಸಲ. ಮೊದಲನೆಯದು ಅಮ್ಮ ಹೋದಾಗ.

ಮನೆಗೆ ಬಂದ ಮೇಲೆ ಒಂದು ದಿನ ಅವರು ಫ್ರಿಜ್ಜಿನ ಮೇಲಿನ ಕಾಗದ ಕಿತ್ತು ತಂದು, ಇದರಲ್ಲಿ ಏನು ಬರೆದಿದ್ದೀಯ, ಓದು ಎಂದರು. ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಕೆಂಪು ಗೆರೆಯ ಸಾಲಿಗೆ ಬಂದಾಗ ತಲೆಯೆತ್ತಿದರು. "ಇದನ್ನ ಯಾಕಮ್ಮ ನಂಗೆ ಓದಿ ಹೇಳ್ಲಿಲ್ಲ ನೀನು?" ಅದರಲ್ಲಿ ಆರೋಪವಿರಲಿಲ್ಲ. ಅವರಿಗೆ ನಿಜವಾಗಿಯೂ ಕಾರಣ ಬೇಕಿತ್ತು.

ತಪ್ಪು ಅರ್ಧ ನನ್ನದು ಎಂದು ತಿಳಿದ ಮೇಲೆ ಮನುಷ್ಯ ಮೆತ್ತಗಾಗುತ್ತಾನೆ ಎಂದುಕೊಳ್ಳುತ್ತೀರಿ. ನನಗೆ ಉಲ್ಟಾ ಆಯಿತು. ಮಾತ್ರೆಗಳನ್ನು ನನ್ನ ಬೀರುವಿಗೆ ಹಾಕಿ ಬೀಗ ಜಡಿದೆ. ಬೆಳಿಗ್ಗೆ ನಾನೇ ಕೊಡುತ್ತಿದ್ದೆ. ನುಂಗಿದ ಮೇಲೆ ಭೂಮಿ ಬಾಯಿ ತೆರೆದು, ನಾಲಿಗೆ ಎತ್ತಿ, ಎಡಕ್ಕೆ ಬಲಕ್ಕೆ ಹೊರಳಿಸಿ ತೋರಿಸಬೇಕು; ನಾನು ಮೊಬೈಲ್ ಟಾರ್ಚು ಬಿಟ್ಟು ನೋಡಬೇಕು. ಅವಳೇನು ಮಾತ್ರೆ ಬಚ್ಚಿಟ್ಟವಳಲ್ಲ. ಅಪ್ಪ ಅವಳಿಗೆ ಒಂದು ಲೋಟ ನೀರು ಕೊಟ್ಟರೂ ಆ ಲೋಟದೊಳಗೆ ಇಣುಕುತ್ತಿದ್ದೆ. ಅವರು ನೋಡಿಯೂ ನೋಡದವರಂತೆ ಹುಳದ ಮನೆಗೆ ಹೊರಟುಬಿಡುತ್ತಿದ್ದರು.

ಒಂದು ವರ್ಷ ಹೀಗೆ. ಅತ್ತಿಗೆ ಕೂಸಿನ ಜೊತೆ ಗೌರಿಬಿದನೂರಿನಲ್ಲೇ ಉಳಿದಿದ್ದರು, ಭೂಮಿ ಶಾಲೆಗಾಗಿ ನಮ್ಮ ಹತ್ತಿರವೇ. ಈ ನಡುವೆ ಮತ್ತೆರಡು ಡ್ರಿಪ್ ಆದವು, ಜ್ವರ ಬರಲಿಲ್ಲ. ಕಳೆದ ಸಲದ ಎಕ್ಸ್‌ರೇಯಲ್ಲಿ ಕುಸಿದ ಮೂಳೆಗಳು ಕೊಂಚ ಎತ್ತರ ಕಂಡುಕೊಂಡಿದ್ದವು. ಬೆಳೆಯುವ ಮಕ್ಕಳಲ್ಲಿ ಮೂಳೆ ತನ್ನ ಆಕಾರಕ್ಕೆ ಮರಳುವುದುಂಟು, ಅಜ್ಜಿಯರಿಗೆ ಆ ಅದೃಷ್ಟವಿಲ್ಲ ಎಂದು ಡಾಕ್ಟರಮ್ಮ ನಕ್ಕರು. ಸ್ಟೀರಾಯ್ಡ್ ಸ್ವಲ್ಪಸ್ವಲ್ಪವೇ ಇಳಿಯುತ್ತಿದೆ. ಭೂಮಿ ಈಗ ಗೋಡೆ ಹಿಡಿಯದೆ ಕೂರುತ್ತಾಳೆ. ಎಕ್ಸ್‌ರೇ ನೋಡಿದ ಆ ದಿನ ಅಪ್ಪನೂ ಜೊತೆಗಿದ್ದರು. ಜ್ವರ ಬಂದರೆ ಎಷ್ಟು ಮಾತ್ರೆ, ವಾಂತಿಯಲ್ಲಿ ಹೋದರೆ ಏನು ಮಾಡಬೇಕು ಎಂದು ತಾವೇ ಎರಡೆರಡು ಸಲ ಕೇಳಿದರು. ನಾನು ಆಗಲೂ ಅವರು ಸರಿಯಾಗಿ ಕೇಳಿಸಿಕೊಂಡರೋ ಇಲ್ಲವೋ ಎಂದು ಮುಖ ನೋಡುತ್ತಿದ್ದೆ.

ಗಣಿತದ ಮೇಷ್ಟ್ರ ಗಂಟಲು ನೋಡಿದ ಮಾರನೆಯ ಬೆಳಿಗ್ಗೆ ನನಗೆ ಬೇಗ ಹೊರಡಬೇಕಿತ್ತು. ಬೀರು ತೆಗೆದು ಮಾತ್ರೆಯನ್ನು ಅಪ್ಪನ ಕೈಗೆ ಕೊಟ್ಟೆ. ಒಂದು ವರ್ಷದಲ್ಲಿ ಅದೇ ಮೊದಲು. ಅವರು ತಿಂಡಿ ಮುಗಿಯುವವರೆಗೆ ಕಾದು, ಅವಳಿಗೆ ಕೊಟ್ಟು, ನೀರು ಹಿಡಿದರು. ನಾನು ಹೊಸ್ತಿಲಲ್ಲಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದೆ. ಭೂಮಿ ಓಡಿಬಂದು ನನ್ನ ಮುಂದೆ ನಿಂತು ಬಾಯಿ ಅಗಲಿಸಿದಳು. ಯಾರೂ ಹೇಳಿರಲಿಲ್ಲ. ನಾಲಿಗೆ ತಾನಾಗಿ ಮೇಲೆದ್ದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿತು. ಅವಳ ಹಿಂದೆ ಅಪ್ಪ ಖಾಲಿ ಲೋಟ ಹಿಡಿದು, ಅದನ್ನೂ ನಾನು ನೋಡಲೆಂಬಂತೆ ಸ್ವಲ್ಪ ಓರೆ ಮಾಡಿಕೊಂಡು ನಿಂತಿದ್ದರು.

"ಮುಚ್ಚಮ್ಮ ಬಾಯಿ," ಎಂದೆ.

"ಟಾರ್ಚ್ ಬಿಟ್ಟು ನೋಡೇ ಇಲ್ವಲ್ಲತ್ತೆ?"

"ನೋಡಲ್ಲ. ಇನ್ಮೇಲೆ ತಾತನೇ ಕೊಡ್ತಾರೆ."

ಅವಳು ಬಾಯಿ ಮುಚ್ಚಿ, ಕಣ್ಣು ಕಿರಿದು ಮಾಡಿ, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ನಂಬಿಕೆ ಬರಲಿಲ್ಲ ಎಂದು ಕಾಣುತ್ತದೆ. ಅಪ್ಪ ಲೋಟ ತೊಳೆಯಲು ಹೋದರು.

ಅವತ್ತು ಶಾಲೆಯಿಂದ ಮನೆಗೆ ಫೋನ್ ಮಾಡಲಿಲ್ಲ. ಎರಡು ಸಲ ಕೈಗೆ ತೆಗೆದುಕೊಂಡದ್ದು ನಿಜ.