ಅಕ್ಕನ ಜೊತೆ ನೋಡಿದ ಗೂಢಚಾರ, ಅಕ್ಕ ಇಲ್ಲದಾಗ ನೋಡಿದ ಗೂಢಚಾರ

ಒಂದೇ ಸಿನಿಮಾಕ್ಕೆ ಎರಡು ಹೆಸರಿಟ್ಟು ಎರಡು ಸಲ ತೋರಿಸಿದರು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಆ ಇಂಗ್ಲಿಷ್ ಗೂಢಚಾರನ ಸಿನಿಮಾಗಳು ವರ್ಷಕ್ಕೋ ಎರಡು ವರ್ಷಕ್ಕೋ ಒಂದರಂತೆ ಬೆಳಗಾವಿಗೆ ಬರುತ್ತಿದ್ದವು. ಎಲ್ಲ ನೋಡಿದವರು ಒಂದಕ್ಕಿಂತ ಒಂದು ಬೇರೆ ಅನ್ನುತ್ತಾರೆ. ನಾನು ನೋಡಿದ್ದು ಎರಡೇ. ನಾಲ್ಕನೇ ಇಯತ್ತೆ ಓದಿದವಳು, ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ. ಕಣ್ಣಿದ್ದವು, ಅಷ್ಟು ಸಾಕಾಯಿತು.

ಮೊದಲನೆಯದನ್ನು ನೋಡಿದಾಗ ನಾನಿನ್ನೂ ಸಣ್ಣವಳು. ಅಕ್ಕನನ್ನು ಬೆಳಗಾವಿಯ ಅನಗೋಳಕ್ಕೆ ಕೊಟ್ಟಿದ್ದರು. ಸುಗ್ಗಿ ಮುಗಿದ ಮೇಲೆ ನಾನು ನಮ್ಮೂರು ಪಾರಿಶ್ವಾಡದಿಂದ ಹೋಗಿ ಅವಳ ಮನೆಯಲ್ಲಿ ಇದ್ದು ಬರುತ್ತಿದ್ದೆ. ಅಕ್ಕನ ಗಂಡನಿಗೆ ಮಾಮಾ ಅನ್ನುತ್ತಿದ್ದೆ. ಮಾಮಾನಿಗೆ ಈ ಗೂಢಚಾರನೆಂದರೆ ಹುಚ್ಚು. ನಮ್ಮಿಬ್ಬರನ್ನೂ ಟಾಕೀಸಿಗೆ ಕರೆದುಕೊಂಡು ಹೋಗಿ, ನಡುವೆ ತಾನು ಕೂತು, ಕತೆಯನ್ನೆಲ್ಲ ಕನ್ನಡದಲ್ಲಿ ಗಟ್ಟಿಯಾಗಿ ಹೇಳತೊಡಗಿದ.

ಹಿಂದೆ ಕೂತವನೊಬ್ಬ, "ಯಜಮಾನ್ರ, ಅವ್ರ ಮಾತಾಡಾಕತ್ತಾರ, ನೀವ್ ತಟಗ ಸುಮ್ಮ ಕುಂದರ್ರಿ" ಅಂದ.

"ನಿನಗ ತಿಳೀತೈತೇನೋ ಅವ್ರ ಮಾತು?" ಅಂದ ಮಾಮಾ.

"ಇಲ್ಲ."

"ಹಂಗಾರ ಕೇಳು, ಪುಕ್ಕಟ ಐತಿ."

ಕತೆ ಏನಿಲ್ಲ. ಹಿಮದ ಗುಡ್ಡದೊಳಗೆ ಒಬ್ಬ ದುಷ್ಟ ಮನೆ ಮಾಡಿಕೊಂಡು ಇಡೀ ಜಗತ್ತಿನ ನೀರಿಗೆ ವಿಷ ಹಾಕಲು ಕೂತಿದ್ದಾನೆ. ಅಂಥ ಅರಮನೆ ಇದ್ದವನಿಗೆ ಈ ಉಸಾಬರಿ ಯಾಕೆ ಅಂತ ಯಾರೂ ಕೇಳುವುದಿಲ್ಲ. ಗೂಢಚಾರನಿಗೆ ಒಬ್ಬ ಹುಡುಗಿ ದಾರಿ ತೋರಿಸುತ್ತಾಳೆ. ದುಷ್ಟನ ಮಂದಿ ಅವಳನ್ನು ಕೊಲ್ಲುತ್ತಾರೆ. ಇವನು ಅವಳ ಕಣ್ಣು ಮುಚ್ಚಿ, ಕೋಟು ಜಾಡಿಸಿ, ನಡೆದುಬಿಟ್ಟ.

ಅಕ್ಕ ಹೌಹಾರಿದಳು. "ಏನ್ರೀ, ಆಕಿನ್ನ ಅಲ್ಲೇ ಬಿಟ್ಟ ಹೊಂಟನಲ್ಲ! ಮಣ್ಣ ಮಾಡವ್ರ ಯಾರು?"

ಮಾಮಾ ನಕ್ಕ. "ಅದಕ್ಯಾಕ ಅಳ್ತಿ? ಈಗ ಇನ್ನೊಬ್ಬಾಕಿ ಬರ್ತಾಳ ನೋಡು."

ಬಂದಳು. ಅಕ್ಕ ಮುಂದಿನದನ್ನು ನೋಡಲಿಲ್ಲ, ಸೆರಗು ತಿರುವುತ್ತ ಕೂತಳು. ಮಧ್ಯಂತರದಲ್ಲಿ ಮಾಮಾ ಅವಳಿಗೆ ಹುರಿದ ಶೇಂಗಾ ತಂದ, ನನಗೆ ಖಾರದ ಚೂಡಾ. ಅಕ್ಕನಿಗೆ ಖಾರ ಆಗುತ್ತಿರಲಿಲ್ಲ, ಹೊಟ್ಟೆಯಲ್ಲಿ ಉರಿ ಏಳುತ್ತಿತ್ತು.

ಕೆಲವು ವರ್ಷದ ಮೇಲೆ ಮಳೆಗಾಲದಲ್ಲಿ ಅಕ್ಕ ಕಾಮಾಲೆಯಿಂದ ಸತ್ತಳು. ಮಕ್ಕಳಿರಲಿಲ್ಲ. ವಿಭೂತಿ ಹಚ್ಚಿ, ಕೂರಿಸಿ, ಮಣ್ಣು ಮಾಡಿದೆವು. ಮಾಮಾ ಅತ್ತ, ಸುಳ್ಳು ಹೇಳಬಾರದು. ವರ್ಷ ತುಂಬುವುದರೊಳಗೆ ಅವರ ಮನೆಯವರು ಮಾತು ತೆಗೆದರು. ನಮ್ಮ ಕಡೆ ರೂಢಿ ಇತ್ತು. ಅಕ್ಕ ಸತ್ತರೆ ಅವಳ ಜಾಗಕ್ಕೆ ತಂಗಿಯನ್ನು ಕೊಡುವುದು, ಬೀಗತನ ಮುರಿಯಬಾರದು ಅಂತ. ಅಕ್ಕನ ಬೆಂಡೋಲೆ, ಅಕ್ಕನ ಸೀರೆ, ಎಲ್ಲ ನನಗೇ ಅಂದರು. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಆಗಲಿ ಬಿಡು ಅಂದುಕೊಂಡಿದ್ದೆ. ಗೊತ್ತಿದ್ದ ಮನೆ, ಗೊತ್ತಿದ್ದ ಮನುಷ್ಯ, ಕೆಟ್ಟವನಲ್ಲ.

ಮಾತು ಗಟ್ಟಿ ಮಾಡಲು ಅಪ್ಪ ನನ್ನನ್ನು ಕರೆದುಕೊಂಡು ಅನಗೋಳಕ್ಕೆ ಹೋದ. ಊರಲ್ಲಿ ಮತ್ತೆ ಗೂಢಚಾರ ಬಂದಿದ್ದ. ಮಾಮಾ ನಮ್ಮಿಬ್ಬರನ್ನೂ ಕರೆದೊಯ್ದ. ಅಪ್ಪ ಕೂತಲ್ಲೇ ಗೊರಕೆ ಹೊಡೆದ.

ಗೂಢಚಾರನಿಗೆ ಈಗ ಗಲ್ಲ ಇಳಿದಿತ್ತು. ಹಿಮದ ಗುಡ್ಡದ ಬದಲು ನಡುಗಡ್ಡೆ, ನೀರಿನ ಬದಲು ಗಾಳಿಗೆ ವಿಷ. ಮೊದಲನೆಯದರಲ್ಲಿ ಗೂಢಚಾರನಿಗೆ ಬೈದಿದ್ದ ಅದೇ ಮುದುಕ ಸಾಹೇಬ ಮತ್ತೆ ಬೈದ, ಆಗ ಕೊಟ್ಟಂಥದೇ ಕೈಗಡಿಯಾರ ಕೊಟ್ಟರು. ಅವನ ಓಟ ಮೊದಲನೆಯದರಲ್ಲೇ ಜೋರಿತ್ತು. ಇದರಲ್ಲಿ ಬರೀ ಬೆಂಕಿ, ಹೊಗೆ. ಆಮೇಲೆ ಒಬ್ಬಳು ದಾರಿ ತೋರಿಸಿದಳು. ಅಯ್ಯ ಇವಳು ಸಾಯುತ್ತಾಳೆ ಅಂದುಕೊಂಡೆ. ಸತ್ತಳು. ಇವನು ಕಣ್ಣು ಮುಚ್ಚಿದ, ಕೋಟು ಜಾಡಿಸಿದ.

ಮಾಮಾ ನನ್ನ ಕಡೆ ಬಾಗಿ, ನಗುತ್ತ, "ಈಗ ಇನ್ನೊಬ್ಬಾಕಿ ಬರ್ತಾಳ ನೋಡು" ಅಂದ.

ಆ ಮಾತನ್ನು ಹಿಂದೆ ಯಾರಿಗೆ ಹೇಳಿದ್ದ ಅಂತ ಅವನಿಗೆ ನೆನಪೇ ಇರಲಿಲ್ಲ. ಅಲ್ಲಿ ತೆರೆಯ ಮೇಲೆ ಬಂದವಳು ಹೊಸಬಳು, ನಿಂತದ್ದು ಮಾತ್ರ ಸತ್ತವಳು ನಿಂತಂತೆಯೇ, ಅದೇ ಬಾಗಿಲಲ್ಲಿ. ಮಧ್ಯಂತರವಾಯಿತು. ಮಾಮಾ ಅಪ್ಪನಿಗೆ ಚಹಾ ತಂದ, ತನಗೆ ಚೂಡಾ, ನನಗೆ ಹುರಿದ ಶೇಂಗಾ.

"ತಿನ್ನು," ಅಂದ. "ನಿನಗ ಖಾರ ಆಗಂಗಿಲ್ಲಲಾ."

ಶೇಂಗಾ ಮಡಿಲಲ್ಲೇ ಉಳಿಯಿತು. ಆ ದುಷ್ಟ ಹೇಗೆ ಸತ್ತ ಅಂತ ನನ್ನನ್ನು ಕೇಳಬೇಡಿರಿ, ಗೊತ್ತಿಲ್ಲ.

ಮರುದಿನ ಹಿರಿಯರ ಮುಂದೆ ಮುಹೂರ್ತ ಗೊತ್ತು ಮಾಡಲು ಮಾಮಾ ನಮ್ಮ ಜೊತೆಯೇ ಹೊರಟ. ಖಾನಾಪುರ ಸ್ಟ್ಯಾಂಡಿನಲ್ಲಿ ಇಳಿದು ಪಾರಿಶ್ವಾಡದ ಬಸ್ಸಿಗೆ ಕಾಯುತ್ತಿದ್ದೆವು. ಪಕ್ಕದ ಗಾಡಿಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು. ನಾನು ಹೋಗಿ ಒಂದು ಎಲೆ ತುಂಬ ಹಾಕಿಸಿಕೊಂಡು ಬಂದು, ಅವರಿಬ್ಬರ ಮುಂದೆ ನಿಂತು ತಿನ್ನತೊಡಗಿದೆ.

"ಏ, ಏ, ಹೊಟ್ಟಿ ಉರೀತೈತಿ!" ಮಾಮಾ ಎಲೆಗೆ ಕೈ ಹಾಕಿದ.

"ಹೊಟ್ಟಿ ಉರೀತಿದ್ದದ್ದು ಅಕ್ಕಂದು ರೀ, ಮಾಮಾ. ಆಕಿ ಸತ್ತಾಳ. ನನಗ ಹುಟ್ಟಿದಾಗಿಂದ ಖಾರ ಬೇಕು."

ಅವನ ಕೈ ಅಲ್ಲೇ ನಿಂತಿತು. "ಖರೇನ?" ಅಂದ. ಆ ಮುಖವನ್ನು ನಾನು ಮರೆತಿಲ್ಲ. ನನ್ನನ್ನು ಅವತ್ತೇ ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ.

"ಯಪ್ಪಾ, ನಾ ಈ ಮನಿಗೆ ಬರಂಗಿಲ್ಲ," ಅಂದೆ.

"ಬಸ್ ಸ್ಟ್ಯಾಂಡಿನ್ಯಾಗ ಆಡೂ ಮಾತೇನ ಇದು? ಮಂದಿ ಏನಂದಾರು?" ಅಪ್ಪ ಸುತ್ತ ನೋಡಿದ. "ಬೀಗತನ ಮುರೀತೈತಿ!"

"ಮುರೀಲಿ."

ಅಪ್ಪ ಕೈ ಎತ್ತಿದ. ಹೊಡೆದೇಬಿಡುತ್ತಿದ್ದ. ಮಾಮಾ ನಡುವೆ ಬಂದು ಅವನ ಕೈ ಹಿಡಿದ.

"ಬಿಡ್ರಿ, ಮಾವಾರ," ಅಂದ. "ಆಕಿ ಹೇಳೂದು ಖರೇ ಐತಿ. ನಾ ಆಕಿನ್ನ ನೋಡೇ ಇಲ್ಲ."

ಪಾರಿಶ್ವಾಡದ ಬಸ್ಸು ಬಂತು. ನಾನು, ಅಪ್ಪ ಹತ್ತಿದೆವು. ಮಾಮಾ ಹತ್ತಲಿಲ್ಲ. ಬೆಳಗಾವಿಗೆ ಹೋಗುವವರ ಸಾಲಿನಲ್ಲಿ ಹೋಗಿ ನಿಂತ. ಮುಂದಿನ ಗೂಢಚಾರ ಬಂದಾಗ ಯಾರನ್ನು ಕರೆದುಕೊಂಡು ಹೋದನೋ, ನಾನು ಕೇಳಲಿಲ್ಲ.