ವ್ಯಾನಿನೊಳಗೆ ಒಂದು ಲೋಟ ಟೀ

ಆಗದ ಕೆಲಸ ಅಂತ ಮೊದಲು ಅಂದವರು ನಮ್ಮ ಸೋದರಮಾವ. ಎರಡನೆಯವರು ಶಿರಾದಲ್ಲಿ ಲಾರಿಗೆ ಬಾಡಿ ಕಟ್ಟುವ ಮೇಸ್ತ್ರಿ. ಕೊನೆಗೆ ಅದನ್ನು ಮಾಡಿಕೊಟ್ಟವರೂ ಅವರೇ.

ಹೋದ ವಾರ ಮಧುಗಿರಿಯಲ್ಲಿ ಮಳೆ ಹಿಡಿದಿತ್ತು. ಎರಡು ದಿನ ಮುಚ್ಚಿಟ್ಟಿದ್ದ ವ್ಯಾನಿನ ಹಿಂಬಾಗಿಲು ತೆಗೆದರೆ ಒದ್ದೆ ಕಂಬಳಿಯ ವಾಸನೆ ಮುಖಕ್ಕೆ ಬಂತು. ಕುರಿಯ ವಾಸನೆ, ಅದರ ಅಡಿಯಲ್ಲಿ ಎಲ್ಲೋ ಸಣ್ಣಗೆ ಹುಣಸೆಬೀಜದ ಗಂಜಿಯ ಹುಳಿ. ಅಷ್ಟು ತೊಳೆದರೂ ಪೂರ್ತಿ ಹೋಗಿಲ್ಲ. ಕೊರಟಗೆರೆ ಕಡೆಯಿಂದ ಬೆಳಿಗ್ಗೆಯೇ ಎರಡು ಫೋನ್ ಬಂದಿದ್ದವು, ಹೊರಡಬೇಕಿತ್ತು. ಆದರೂ ಹಿಂದಿನ ಹಲಗೆಯ ಮೇಲೆ ಸುಮ್ಮನೆ ಕೂತುಬಿಟ್ಟೆ. ಏಳಲು ಮನಸ್ಸಾಗಲಿಲ್ಲ...

ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಸುಮ್ಮನೆ ಬಂದದ್ದಲ್ಲ. ಕಳ್ಳಂಬೆಳ್ಳದ ಪಕ್ಕದ ಊರು, ಕುರಿ ಕಾಯುವ ಮನೆ. ಹಾಸ್ಟೆಲ್ಲಿನಲ್ಲಿದ್ದು ಓದಿ, ಎರಡು ಸಲ ಸೀಟು ತಪ್ಪಿ, ಮೂರನೆಯ ಸಲಕ್ಕೆ ಪಶುವೈದ್ಯಕೀಯ ಸೇರಿದೆ. ಸರ್ಕಾರಿ ಕೆಲಸ ಆಗಲಿಲ್ಲ. ಮಧುಗಿರಿಯಲ್ಲಿ ಬೆಟ್ಟದ ಬುಡದ ಒಂದು ಮಳಿಗೆಯಲ್ಲಿ ಬೋರ್ಡು ಹಾಕಿದೆ.

ಬೋರ್ಡು ಹಾಕಿದ ವರ್ಷವೇ ಮಾವನ ಮಂದೆ ಪಾವಗಡದ ಆಚೆ ಯಾರದೋ ಹೊಲದಲ್ಲಿ ಬೀಡು ಬಿಟ್ಟಿದ್ದಾಗ ಮರಿಗಳಿಗೆ ಭೇದಿ ಹಿಡಿಯಿತು. ಸಂಜೆ ಫೋನ್ ಬಂತು. ಆ ಹೊತ್ತಿಗೆ ಬಸ್ಸಿಲ್ಲ. ಮಾರನೆಯ ದಿನ ಮೊದಲ ಬಸ್ಸು ಹಿಡಿದು, ಪಾವಗಡದಲ್ಲಿ ಆಟೋದವನ ಜೊತೆ ಜಗಳವಾಡಿ, ಅವನು ಇಳಿಸಿದ ಕಡೆಯಿಂದ ಔಷಧಿ ಪೆಟ್ಟಿಗೆ ಹೊತ್ತು ನಡೆದು ಮುಟ್ಟುವಾಗ ಹತ್ತೂವರೆ ದಾಟಿತ್ತು. ಸತ್ತ ಮರಿಗಳನ್ನು ಬೇಲಿಯ ಪಕ್ಕ ಸಾಲಾಗಿ ಮಲಗಿಸಿದ್ದರು.

"ಡಾಕ್ಟ್ರು ಬಂದ್ರು ಕಣ್ರಲಾ, ಜಾಗ ಬುಡ್ರಿ," ಅಂದರು ಮಾವ.

ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆಮೇಲೆ ನನಗೆ ಒಂದೇ ಯೋಚನೆ. ಮಂದೆ ಎಲ್ಲಿರುತ್ತದೋ ಅದರ ಹತ್ತಿರವೇ ನಾನೂ ಇರಬೇಕು. ರಸ್ತೆ ಇರುವ ತನಕ ವ್ಯಾನು. ಅದರಲ್ಲೇ ಔಷಧಿ, ಅದರಲ್ಲೇ ಅಡುಗೆ, ಅದರಲ್ಲೇ ಮಲಗುವುದು. ರಸ್ತೆ ಮುಗಿದ ಮೇಲೆ ಒಳಗಿಂದ ಬೈಕು ಇಳಿಸಿಕೊಂಡು ಬದುವಿನ ಮೇಲೆ ಹೋಗುವುದು. ಬೈಕು ನನ್ನ ಹತ್ತಿರ ಇತ್ತು. ವ್ಯಾನು ತುಮಕೂರಿನಲ್ಲಿ ಸಿಕ್ಕಿತು, ಕೊರಿಯರ್ ಸಾಮಾನು ಹೊತ್ತು ಸವೆದಿದ್ದ ಉದ್ದನೆಯ ಗೂಡ್ಸ್ ವ್ಯಾನು. ಒಳಗೆ ಗೋಡೆಗೆಲ್ಲ ಇನ್ನೂ ಅಂಟುಟೇಪಿನ ಚೂರುಗಳಿದ್ದವು.

ಮಾವ ಅದನ್ನು ಒಂದು ಸುತ್ತು ಬಂದು ನೋಡಿದರು, ಕುರಿ ವ್ಯಾಪಾರಕ್ಕೆ ನಿಂತವರ ಹಾಗೆ. ಟಯರಿಗೆ ಕಾಲಲ್ಲಿ ಒಂದು ಒದ್ದರು.

"ನಾವು ಬಯಲಾಗೆ ಮಲಗಿದ್ದು ನೀನು ಮಂಚದ ಮ್ಯಾಲೆ ಮಲಗ್ಲಿ ಅಂತ. ಓದಿ ಓದಿ ಡಬ್ಬದಾಗೆ ಮಲಗಾಕೆ ಬಂದ್ಯೇನವ್ವ? ಆಗಾಕಿಲ್ಲ ಬುಡು ಇದು. ಒಂದು ಬಿಸ್ಲಿಗೆ ಹುರುಳಿ ಬೆಂದಂಗೆ ಬೇಯ್ತೀಯ."

ಶಿರಾದಲ್ಲಿ ಹೈವೇ ಪಕ್ಕದ ಒಂದು ಶೆಡ್ಡಿನಲ್ಲಿ ಆ ಮೇಸ್ತ್ರಿ ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದರು. ಬಿಳಿ ಗಡ್ಡ, ವೆಲ್ಡಿಂಗ್ ಕಿಡಿ ತಾಗಿ ಅಲ್ಲಲ್ಲಿ ತೂತಾದ ಅಂಗಿ, ಮಾತಿನ ಮಧ್ಯೆ ಕೆಮ್ಮು. ನಾನು ಹಾಳೆಯ ಮೇಲೆ ಬರೆದುಕೊಂಡು ಹೋದ ಚಿತ್ರವನ್ನು ದೂರ ಹಿಡಿದು ನೋಡಿದರು.

"ಮಂಚ ಬೇಕಾ, ಬೈಕ್ ಬೇಕಾ, ಯಾವುದಾದ್ರೂ ಒಂದು ಹೇಳಿ ಡಾಕ್ಟ್ರಮ್ಮ. ಎರಡೂ ಅಂದ್ರೆ ಆಗಲ್ಲ. ಇಷ್ಟೇ ಜಾಗ."

"ಬೈಕ್ ಇಲ್ದಿದ್ರೆ ಮರಿ ಸಾಯ್ತವೆ ಮೇಸ್ತ್ರಿ."

"ಹಂಗಾದ್ರೆ ಬೈಕ್ ಇರ್ಲಿ. ಮಂಚ ಬುಡಿ."

"ಮಂಚ ಇಲ್ದಿದ್ರೆ ನಾನು ಸಾಯ್ತೀನಿ. ಸೊಂಟ ಹಿಡ್ಕೊಂಡೈತೆ."

ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, ಗಾಡಿ ಇಲ್ಲೇ ಬಿಟ್ಟು ಹೋಗಿ, ನೋಡ್ತೀನಿ ಅಂದರು.

ಮಂಚದ ಅಳತೆಗೆ ಅವರು ಟೇಪು ಹಿಡಿಯಲಿಲ್ಲ. ಶೆಡ್ಡಿನ ನೆಲದ ಮೇಲೆ ರಟ್ಟು ಹಾಸಿ, "ಮಲಗಿ" ಅಂದರು. ಮಲಗಿದೆ. ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಆಕ್ಸಿಡೆಂಟ್ ಆದ ಜಾಗದಲ್ಲಿ ಪೊಲೀಸಿನವರು ಎಳೆದಂಗೈತೆ ಅಂದೆ. "ಈಗ ಆ ಕಡೆ ಹೊರಳಿ. ಈ ಕಡೆ ಹೊರಳಿ. ಉದ್ದ ಎಲ್ರೂ ಅಳೀತಾರೆ, ಹೊರಳೋದು ಯಾರೂ ಅಳೆಯಲ್ಲ," ಅಂದರು.

ಮೊದಲು ಬೈಕನ್ನು ಎಡಗೋಡೆಗೆ, ಮಂಚವನ್ನು ಬಲಗೋಡೆಗೆ ಮಾಡಿದರು. ಮಾಡಿ ಮುಗಿದ ದಿನ ವ್ಯಾನಿನ ನೆಲದ ಮೇಲೆ ಸ್ಟೀಲ್ ಲೋಟವಿಟ್ಟು, ಅಂಚಿನವರೆಗೆ ಟೀ ತುಂಬಿಸಿ, ಬೈಕು ಹತ್ತಿಸಿ ಅಂದರು. ಹಲಗೆಯ ಮೇಲೆ ಹತ್ತಿಸಿದೆ. ಟೀ ಎಡಕ್ಕೆ ಚೆಲ್ಲಿತು. ಲೋಟ ಎತ್ತಿಕೊಂಡು ಉಳಿದ ಟೀ ತಾವೇ ಕುಡಿದು, "ವಾಲ್ತದೆ. ಬಿಚ್ಬೇಕು," ಅಂದರು. ಅಷ್ಟೇ. ನಾನಾದರೆ ಆ ಗಾಡಿ ಹಾಗೇ ಓಡಿಸುತ್ತಿದ್ದೆ. ಅವರು ಎಲ್ಲ ಬಿಚ್ಚಿದರು. ಬೈಕನ್ನು ನಟ್ಟನಡುವೆ ತಂದು ಮುಂದಿನ ಚಕ್ರ ಸಿಕ್ಕಿಸಲು ಕಬ್ಬಿಣದ ಚೌಕಟ್ಟು ಮಾಡಿದರು. ಮಂಚವನ್ನು ಎರಡು ಹೋಳು ಮಾಡಿ ಒಂದೊಂದು ಗೋಡೆಗೆ ಒಂದೊಂದನ್ನು ಮಡಚಿಟ್ಟರು. ಬೈಕು ಇಳಿದರೆ ಎರಡೂ ಹೋಳು ಕೆಳಗೆ ಬಂದು ಕೂಡುತ್ತವೆ. ಮತ್ತೆ ಲೋಟ ಇಟ್ಟರು. ಟೀ ಅಲ್ಲಾಡಿತು, ಚೆಲ್ಲಲಿಲ್ಲ.

ಆಮೇಲೆ ಬಿಸಿಲಿನ ಮಾತು. ತಗಡಿನ ಗಾಡಿ ಕಾದರೆ ಒಳಗೆ ಔಷಧಿಯೂ ಕೆಡುತ್ತದೆ. ಗೋಡೆಯೊಳಗೆ ಥರ್ಮಾಕೋಲ್ ಹಾಕಿ ಅಂದೆ.

"ಕುಲುಕಿದ್ರೆ ಕಿರ್ ಅಂತದೆ, ಒಂದು ವರ್ಷಕ್ಕೆ ಪುಡಿ. ಅರೆ, ನಿಮ್ಮ ಕುರಿ ದಿನಾ ಬಿಸಿಲಲ್ಲೇ ನಿಲ್ತದಲ್ಲ, ಅದಕ್ಕೇನು ಥರ್ಮಾಕೋಲ್ ಹಾಕವ್ರಾ? ಮನೇಲಿ ಕಂಬಳಿ ಇಲ್ವಾ?"

ಅಟ್ಟದ ಮೇಲೆ ಅಮ್ಮ ಕಟ್ಟಿಟ್ಟಿದ್ದ ಕರಿಕಂಬಳಿಗಳು ಇದ್ದವು. ಅಮ್ಮನೇ ಗಂಟು ತಂದಳು. ಮೇಸ್ತ್ರಿ ಒಂದನ್ನು ತಟ್ಟಿ ನೋಡಿ, ಇದೇನಕ್ಕಾ, ಹಲಗೆ ಇದ್ದಂಗೈತೆ ಅಂದರು.

"ಹುಣ್ಸೆಬೀಜದ ಗಂಜಿ ಕುಡ್ಸಿರಾದು ಸಾಬ್ರೆ. ಗಂಜಿ ಇದ್ರೇನೆ ಕಂಬಳಿ. ಒಂದು ಹನಿ ನೀರು ಒಳಕ್ಕೆ ಬುಡಾಕಿಲ್ಲ. ತೊಳುದ್ರೆ ಬರೀ ಬಟ್ಟೆ."

ಮೂವರಿಗೂ ಸರಿ ಅನ್ನಿಸಿತು. ಗಂಜಿ ಸಮೇತ ಗೋಡೆಗೆ ಹೊಡೆದು ಮೇಲೆ ಪ್ಲೈವುಡ್ ಮುಚ್ಚಿದರು. ಒಳಗೆ ಕೂತರೆ ನಿಜವಾಗಿ ತಂಪು.

ಗೂಡ್ಸ್ ಗಾಡಿಯ ಒಳಗನ್ನು ಹೀಗೆ ಬದಲಾಯಿಸಿದರೆ ಆರ್.ಸಿ.ಯಲ್ಲೂ ಬದಲಾಗಬೇಕು, ಇಲ್ಲದಿದ್ದರೆ ರಸ್ತೆಗೆ ಇಳಿಸುವ ಹಾಗಿಲ್ಲ. ಆರ್.ಟಿ.ಓ. ಆಫೀಸಿಗೆ ಅರ್ಜಿ ಹಾಕಿದ್ದೆ, ಗಾಡಿ ತಪಾಸಣೆಗೆ ದಿನ ಕೊಟ್ಟಿದ್ದರು. ನಕ್ಷೆಯ ಮೇಲೆ ಕಟ್ಟಿದವರ ಸಹಿ ಬೇಕಿತ್ತು. ಮೇಸ್ತ್ರಿ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಆಮೇಲೆ ಸೋಪು ಹಾಕಿ ತೊಳೆದು, ಒರೆಸಿಕೊಂಡು ಬಂದು ಉರ್ದುವಿನಲ್ಲಿ ನಿಧಾನಕ್ಕೆ ಸಹಿ ಮಾಡಿದರು. "ಇಷ್ಟು ವರ್ಷದಲ್ಲಿ ಗಾಡಿ ಪಾಸಾಯ್ತು ಅಂತ ಯಾರೂ ಬಂದು ಆರ್.ಸಿ. ಕಾರ್ಡ್ ತೋರ್ಸಿಲ್ಲ. ಏನಾದ್ರೂ ಮುರಿದ್ರೆ ಮಾತ್ರ ಬರ್ತಾರೆ," ಅಂದರು. ನಾನು ತರ್ತೀನಿ ಅಂದೆ.

ತಪಾಸಣೆಗೆ ಇನ್ನು ಎಂಟು ದಿನ ಇರುವಾಗ ಒಳಗಿನ ಲೈಟು ಹೋಯಿತು, ಆಮೇಲೆ ಫ್ಯಾನು. ದೀಪಾವಳಿ ಕಳೆದರೆ ಮಂದೆಗಳು ಮೇವು ಹುಡುಕಿ ಹೊರಡುತ್ತವೆ. ತಪಾಸಣೆಯ ದಿನ ತಪ್ಪಿದರೆ ಆ ವರ್ಷವೇ ತಪ್ಪಿದಂತೆ. ಮೇಸ್ತ್ರಿ ಒಂದು ಪ್ಲೈವುಡ್ ತೆಗೆದರು. ಒಳಗೆ ಇಲಿ ಗೂಡು. ಗಂಜಿಯ ಆಸೆಗೆ ಬಂದವು ಕಂಬಳಿ ಕೊರೆದು, ಉಣ್ಣೆ ಹಾಸಿಕೊಂಡು, ಮರಿ ಹಾಕಿ, ವೈರನ್ನೂ ಕಡಿದಿದ್ದವು. ಐದು ವರ್ಷ ಪ್ರಾಣಿಗಳ ಬಗ್ಗೆ ಓದಿದವಳಿಗೆ ಇಲಿ ನೆನಪಾಗಿರಲಿಲ್ಲ. ಅಮ್ಮ ತೂತಾದ ಕಂಬಳಿ ಕೆಳಗಿಳಿಸತೊಡಗಿದಳು. ಮೇಸ್ತ್ರಿ ಮಾತ್ರ, "ನಾನು ಕೇಳ್ಬೇಕಿತ್ತು. ಕಟ್ಟೋನು ನಾನು," ಅಂತ ಎರಡು ಸಲ ಅಂದರು.

ಕಂಬಳಿಗಳನ್ನೆಲ್ಲ ಬಿಚ್ಚಿ ಕಳ್ಳಂಬೆಳ್ಳದ ಕೆರೆಗೆ ಒಯ್ದೆವು. ಮೇಸ್ತ್ರಿಯೂ ಬಂದರು. ಗಂಜಿ ಬಿಡುವ ತನಕ ತುಳಿಯಬೇಕು. ನೀರು ಕುಡಿದ ಕಂಬಳಿ ಒಂದು ಆಳಿನಷ್ಟು ಭಾರ. ಕಲ್ಲಿನ ಮೇಲೆ ಕೂತು ಕೆಮ್ಮುತ್ತಿದ್ದವರು ಪ್ಯಾಂಟು ಮಡಚಿಕೊಂಡು ನೀರಿಗೆ ಇಳಿದೇಬಿಟ್ಟರು.

"ಸುಮ್ಕೆ ಕುಂತ್ಕಳಿ ಸಾಬ್ರೆ," ಅಂದಳು ಅಮ್ಮ.

"ನಿಮ್ಮ ಕಂಬಳಿ ನನ್ನ ಮಾನ ಕಳೀತು ಅಕ್ಕಾ. ನಾಲ್ಕು ಒದೆ ನಾನೂ ಕೊಡ್ತೀನಿ."

ನಾನು ಅವರನ್ನು ಮೇಲೆ ಹತ್ತಿಸಬೇಕಿತ್ತು. ಹತ್ತಿಸಲಿಲ್ಲ. ನನಗೂ ಕಾಲು ಸೋತಿದ್ದವು, ಇನ್ನೊಂದು ಜೊತೆ ಕಾಲು ಸಿಕ್ಕಿತಲ್ಲ ಅನ್ನಿಸಿತ್ತು... ಈಗ ಅದೇ ಮನಸ್ಸಿಗೆ ಬರುತ್ತದೆ.

ಬಂಡೆಯ ಮೇಲೆ ಒಣಗಿಸಿ, ಮತ್ತೆ ಗೋಡೆಗೆ ಹೊಡೆದು, ಇಲಿ ಬಾಯಿಗೆ ಸಿಗದಂತೆ ವೈರನ್ನು ಕಬ್ಬಿಣದ ಪೈಪಿನೊಳಗೆ ಹಾಕಿ ಮುಗಿಸುವಾಗ ತಪಾಸಣೆಯ ಹಿಂದಿನ ಸಂಜೆ. ಮೇಸ್ತ್ರಿಯ ಮುಖ ಬಾಡಿತ್ತು. "ಪೈಪ್ ಎಲ್ಲ ಒಂದೇ ಕಡೆ ಬಂತು, ತೂಕ ಬದಲಾಯ್ತು. ಲೋಟ ಇಟ್ಟು ನೋಡ್ಬೇಕು," ಅಂದರು. ಬೈಕು ಮಧುಗಿರಿಯಲ್ಲಿತ್ತು. "ಹೋಗ್ಲಿ. ಪಾಸಾದ್ಮೇಲೆ ಬನ್ನಿ. ಕಾರ್ಡೂ ನೋಡೋಣ, ಲೋಟಾನೂ ಇಡೋಣ."

ತಪಾಸಣೆ ಮಧುಗಿರಿಯಲ್ಲೇ ಇತ್ತು, ಪಾಸಾಯಿತು. ಬ್ರೇಕ್ ಇನ್ಸ್‌ಪೆಕ್ಟರು ತಾವೇ ಮಂಚ ಇಳಿಸಿ, ಎತ್ತಿ ನೋಡಿ, ಬೈಕು ಹತ್ತಿಸಿ ತೋರಿಸಿ ಅಂದರು. ಯಾರು ಕಟ್ಟಿದ್ದು ಅಂತ ಕೇಳಿದರು. ಶಿರಾದಲ್ಲಿ ಒಬ್ಬರು ಅಂದೆ. ತಲೆ ಆಡಿಸಿ ಬರೆದುಕೊಂಡರು. ಕಾರ್ಡು ಅಂಚೆಯಲ್ಲಿ ಬಂತು. ಅವತ್ತೇ ನಾಗಲಮಡಿಕೆ ಕಡೆಯಿಂದ ಮಾವನ ಫೋನೂ ಬಂತು, ಮರಿಗಳು ಮೇವು ಬಿಟ್ಟಿವೆ ಅಂತ. ಭಾನುವಾರ ಶಿರಾಕ್ಕೆ ಹೋದರಾಯಿತು ಅಂದುಕೊಂಡು ಮಂದೆಯ ಕಡೆ ಗಾಡಿ ತಿರುಗಿಸಿದೆ. ರಸ್ತೆ ಮುಗಿದಲ್ಲಿ ಬೈಕು ಇಳಿಸಿದೆ. ಬೆಳಗಾಗುವ ಹೊತ್ತಿಗೆ ಮಂದೆಯಲ್ಲಿದ್ದೆ. ಎಲ್ಲವೂ ಉಳಿಯಲಿಲ್ಲ. ಬಹಳ ಉಳಿದವು. ಮಾವ ಹೊಗಳಲಿಲ್ಲ. ಮಧ್ಯಾಹ್ನ ವ್ಯಾನಿನ ಹತ್ತಿರ ಬಂದು, ಮಂಚದ ಮೇಲೆ ಕಾಲು ಚಾಚಿ, "ಈ ಡಬ್ಬ ಪರವಾಗಿಲ್ಲ ಕಣವ್ವ," ಅಂತ ನಿದ್ದೆ ಹೋದರು.

ಆ ಭಾನುವಾರ ಆಗಲಿಲ್ಲ. ಅದರ ಮುಂದಿನದೂ. ಮಂದೆಯ ಹಿಂದೆ ಹೋದರೆ ಭಾನುವಾರ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಬೇಸಿಗೆ ಕಳೆದು ಶಿರಾಕ್ಕೆ ಹೋದಾಗ ಶೆಡ್ಡಿಗೆ ಬೀಗ. ಎದುರಿನ ಟೀ ಅಂಗಡಿಯವನು, ಮೇಸ್ತ್ರಿಗೆ ಎದೆ ಕೆಟ್ಟಿತ್ತು, ಸಂಕ್ರಾಂತಿ ಕಳೆದ ಮೇಲೆ ತೀರಿಹೋದರು ಅಂದ. ಮನೆ ಎರಡೇ ಬೀದಿ ಆಚೆ. ಹೋಗಲಿಲ್ಲ. ಏನಂತ ಹೋಗುವುದು... ಹಾಗೇ ಎರಡು ವರ್ಷ ಆ ಹೈವೇಯಲ್ಲಿ ಓಡಾಡಿದೆ, ಆ ಕಡೆ ತಿರುಗದೆ.

ಹೋದ ವಾರ ಆ ವಾಸನೆ ಬಂದ ಮೇಲೆ ಕೊರಟಗೆರೆಯ ಕೆಲಸ ಮುಗಿಸಿ, ಬೈಕು ಹತ್ತಿಸಿಕೊಂಡು ನೇರ ಶಿರಾಕ್ಕೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು. ಶೆಡ್ಡಿಗೆ ಊಟ ತರುವಾಗ ನನ್ನನ್ನು ನೋಡಿದ್ದವರು, ಗುರುತು ಹಿಡಿದರು. ಕೂರಿಸಿ ಟೀ ತಂದುಕೊಟ್ಟರು. ನಾನು ಕಾರ್ಡು ತೆಗೆದು ಅವರ ಕೈಗೆ ಕೊಟ್ಟೆ. ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದರು.

"ಇದ್ರಲ್ಲಿ ಅವ್ರ ಹೆಸರು ಎಲ್ಲಿದೆ?"

"ಇಲ್ಲ ಚಾಚಿ. ಕಟ್ಟಿದವರ ಹೆಸರು ಇದರಲ್ಲಿ ಹಾಕಲ್ಲ." ಗಾಡಿಯ ಬಗೆ ಬದಲಾಗಿರುವ ಸಾಲನ್ನು ಬೆರಳಿಟ್ಟು ತೋರಿಸಿದೆ. "ಇದು ಅವರು ಮಾಡಿದ್ದು."

ಆ ಸಾಲಿನ ಮೇಲೆ ಅವರೂ ಒಮ್ಮೆ ಬೆರಳು ಆಡಿಸಿದರು. ಆಮೇಲೆ ಕಿಟಕಿಯಿಂದ ಹೊರಗೆ ನಿಂತಿದ್ದ ವ್ಯಾನು ನೋಡಿದರು.

"ಆಸ್ಪತ್ರೇಲಿ ಕೇಳ್ತಾನೇ ಇದ್ರು, ಲೋಟ ಇಟ್ಟು ನೋಡ್ಲೇ ಇಲ್ಲ, ಡಾಕ್ಟ್ರಮ್ಮನ ಗಾಡಿ ವಾಲ್ತದಾ ಅಂತ. ನಾನು ಇಲ್ಲ ಅಂದ್ಬುಟ್ಟೆ ಬೇಟಿ, ನೋಡ್ದೇನೆ. ಆ ಟೀ ಕುಡೀಬೇಡ, ಇರು. ಲೋಟ ಹಿಡ್ಕೊಂಡು ಬಾ, ನೋಡೋಣ."