ಅಕ್ಕನ ಮೂಗಿಗಾಗಿ ಹುಡುಕಿದ ಲೇಖನ

ಮೊನ್ನೆ ಹಂಚಿನ ಮೇಲೆ ಜೋಳದ ರೊಟ್ಟಿ ಸೀದುಹೋಯಿತು. ಆ ವಾಸನೆಗೆ ಪೀಣ್ಯದ ನಮ್ಮ ವಠಾರ ನೆನಪಾಯಿತು, ಪಕ್ಕದ ಮನೆಯ ಅಕ್ಕ ನೆನಪಾದರು...

ರಾಯಚೂರಿನ ಕಡೆಯಿಂದ ಗಂಡನೊಂದಿಗೆ ಬಂದಿದ್ದ ಅವರು ಪ್ಲೇಟಿಂಗ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಕಬ್ಬಿಣದ ಬಿಡಿಭಾಗಗಳನ್ನು ಕ್ರೋಮಿಯಂ ತೊಟ್ಟಿಯಲ್ಲಿ ಅದ್ದಿ ಹೊಳಪು ಬರಿಸುವ ಕೆಲಸ. ನಾನಾಗ ಎಂ.ಎಸ್ಸಿ. ಓದುತ್ತಿದ್ದೆ. ಒಂದು ಭಾನುವಾರ ಸೀದ ವಾಸನೆ ಬಂದು ಅವರ ಮನೆಗೆ ಓಡಿದೆ. ಅಕ್ಕ ಒಲೆಗೆ ಬೆನ್ನು ಹಾಕಿ ಹಿಟ್ಟು ನಾದುತ್ತಿದ್ದರು, ರೊಟ್ಟಿ ಕರಕಲಾಗಿತ್ತು.

"ಅಕ್ಕಾ, ಗೊತ್ತಾಗ್ಲೇ ಇಲ್ವಾ?"

"ಮೂಗಿಗೆ ಏನೂ ತಿಳಿಯಂಗಿಲ್ಲ ತಂಗಿ. ಆಗಾಗ ರಕ್ತ ಬರ್ತೈತಿ. ಡಾಕ್ಟ್ರು ನೆಗಡಿ ಅಂತಾರ. ವರ್ಷಗಟ್ಟಲೆ ನೆಗಡಿ ಇರ್ತೈತೇನು?"

ಮರುದಿನ ಸೈಬರ್ ಸೆಂಟರಿಗೆ ಹೋದೆ. ಮೊದಲು ಸುಮ್ಮನೆ ಹುಡುಕಿದ್ದಕ್ಕೆ ಬರೀ ಮೂಗಿನ ಔಷಧಿಯ ಜಾಹೀರಾತುಗಳು ಬಂದವು. ಆಮೇಲೆ, ಸಂಶೋಧನಾ ಲೇಖನಗಳನ್ನಷ್ಟೇ ಹುಡುಕಿಕೊಡುವ ತಾಣವೊಂದನ್ನು ನಮ್ಮ ಮೇಡಂ ಹೇಳಿದ್ದು ನೆನಪಾಯಿತು. ಅಕ್ಕನ ಕೆಲಸದಿಂದಲೇ ಹೀಗಾಗಿರಬಹುದೇ ಎಂದು ಅಲ್ಲಿ ಕ್ರೋಮಿಯಂ, ಪ್ಲೇಟಿಂಗ್, ಮೂಗು ಎಂದು ಇಂಗ್ಲಿಷಿನಲ್ಲಿ ಟೈಪಿಸಿದೆ. ಸಾಲುಸಾಲು ಲೇಖನಗಳು! ಆದರೆ ತೆರೆಯಹೋದರೆ ಸಾರಾಂಶವಷ್ಟೇ ತೋರಿಸಿ, ಉಳಿದದ್ದಕ್ಕೆ ದುಡ್ಡು ಕೇಳಿ ಬಾಗಿಲು ಮುಚ್ಚುತ್ತಿದ್ದವು. ಕೊನೆಗೆ ಒಂದು ಲೇಖನದ ಕೆಳಗಿದ್ದ 'ಎಲ್ಲ ಆವೃತ್ತಿಗಳು' ಎಂಬುದನ್ನು ಒತ್ತಿದಾಗ, ಯಾವುದೋ ವಿಶ್ವವಿದ್ಯಾಲಯದ ಪುಟದಲ್ಲಿ ಪೂರ್ತಿ ಲೇಖನ ಪುಕ್ಕಟೆಯಾಗಿ ಸಿಕ್ಕಿತು. ತೊಟ್ಟಿಯ ಹಬೆ ಮೂಗಿನ ನಡುಗೋಡೆಯನ್ನೇ ತಿಂದು ತೂತು ಮಾಡುತ್ತದೆ ಎಂದಿತ್ತು. ಚಿತ್ರಗಳೂ ಇದ್ದವು.

ಪ್ರಿಂಟು ಹಿಡಿದು ಇಬ್ಬರೂ ಅದೇ ಡಾಕ್ಟರ ಬಳಿ ಹೋದೆವು. ಅವರು ನಿಧಾನವಾಗಿ ಓದಿ, ಟಾರ್ಚ್ ಹಾಕಿ ಅಕ್ಕನ ಮೂಗಿನೊಳಗೆ ನೋಡಿದರು. "ತೂತಾಗಿದೆ ಕಣಮ್ಮ. ನಾನು ಮುಂಚೆನೇ ನೋಡ್ಬೇಕಿತ್ತು" ಎಂದರು. ಆ ಹಬೆಯ ಹತ್ತಿರ ಇನ್ನು ಸುಳಿಯಬೇಡಿ ಎಂದು ಚೀಟಿ ಬರೆದುಕೊಟ್ಟರು. ಮಾಲೀಕರು ಅಕ್ಕನನ್ನು ಪ್ಯಾಕಿಂಗಿಗೆ ಹಾಕಿದರು. ರಕ್ತ ನಿಂತಿತು.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಅಕ್ಕ ನನ್ನಿಂದ ಚಿತ್ರಗಳ ಪುಟವನ್ನು ಇನ್ನಷ್ಟು ಪ್ರಿಂಟು ಹಾಕಿಸಿಕೊಂಡು ತೊಟ್ಟಿಯ ಕೆಲಸದ ಹೆಂಗಸರಿಗೆಲ್ಲ ಹಂಚಿದರು. ಅವರೆಲ್ಲ ಹಬೆ ಎಳೆಯುವ ಫ್ಯಾನು ಬೇಕೆಂದು ಕೇಳಿದರು. ಪುಟ ಹಂಚಿದ್ದು ಯಾರೆಂದು ತಿಳಿದ ಮಾಲೀಕರು ಅಕ್ಕನಿಗೆ ಮಾತ್ರ ಇನ್ನು ಕೆಲಸಕ್ಕೆ ಬರಬೇಡ ಎಂದರು.

"ಯಾಕೆ ಹಂಚಕ್ಕೋದ್ರಿ ಅಕ್ಕಾ?" ಎಂದೆ.

"ನನ್ನ ಮೂಗು ಹೋತು ತಂಗಿ. ಅವ್ರದು ಇನ್ನೂ ಐತಲ್ಲ" ಎಂದರು. ಕಣ್ಣಲ್ಲಿ ನೀರಿತ್ತು.

ಗಂಡ ಹೆಂಡತಿ ಊರಿಗೆ ಹೊರಟುಹೋದರು. ಆಮೇಲೆ ಕಾರ್ಖಾನೆಗೆ ಫ್ಯಾನು ಬಂತೆಂದು ಅಲ್ಲಿನ ಹೆಂಗಸೊಬ್ಬರು ಹೇಳಿದರು. ಅಕ್ಕನಿಗೆ ತಿಳಿಸೋಣವೆಂದು ಫೋನ್ ಮಾಡಿದೆ, ನಂಬರು ಚಾಲ್ತಿಯಲ್ಲಿರಲಿಲ್ಲ...

ಈಗಲೂ ಕೆಲವು ಸಲ ಆ ನಂಬರು ಒತ್ತಿ ನೋಡುತ್ತೇನೆ. ಫ್ಯಾನು ಬಂದದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ.